ಓದದೇ ಬಿಟ್ಟ ಹದಿನಾಲ್ಕನೇ ಕಲಮು

ಕಾಲೇಜು ಮುಚ್ಚಿದೆ ಎಂದು ಕಾಲೇಜಿನಿಂದಲೇ ಬರೆಸಿಕೊಂಡು ಬಾ ಎಂದರು. ಮುಚ್ಚಿದ ಕಾಲೇಜಿನಲ್ಲಿ ಬರೆದುಕೊಡುವವರು ಯಾರಿರುತ್ತಾರೆ ಸಾರ್ ಎಂದು ಕೇಳಿದೆ. ಅದು ನಿನಗೆ ಬಿಟ್ಟದ್ದು ಎಂದರು. ಮೂರು ವರ್ಷದಲ್ಲಿ ಹನ್ನೊಂದು ಸಲ ಈ ಪ್ರಶ್ನೆ ಕೇಳಿದ್ದೇನೆ, ಹನ್ನೊಂದು ಸಲವೂ ಇದೇ ಉತ್ತರ. ಉತ್ತರವನ್ನಾದರೂ ಸಹಿಸಿಕೊಳ್ಳಬಹುದು. ಅದನ್ನು ಹೇಳುವಾಗ ವಿದ್ಯಾಸಾಲ ಕಚೇರಿಯ ಅಧಿಕಾರಿ ಚಿದಂಬರಯ್ಯನವರು ಒಂದು ಸಲವೂ ತಲೆ ಎತ್ತಿ ನನ್ನ ಮುಖ ನೋಡಲಿಲ್ಲವಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತದೆ.

ನಾನು ಸರ್ವಮಂಗಳ, ಹೊಂಗೆಮರದ ಬೀದಿಯ ಪುಟ್ಟತಾಯಮ್ಮನ ಮಗಳು. ರಕ್ತಪರೀಕ್ಷೆ ಮಾಡುವುದನ್ನು ಕಲಿಯೋಣವೆಂದು ಮೂರೂವರೆ ವರ್ಷದ ಹಿಂದೆ ಸಾಲ ಮಾಡಿ ಗಡಿಯಾರದ ಕಾಲೇಜಿಗೆ ಸೇರಿದೆ. ಮಹಡಿಯ ಮೇಲೆ ದೊಡ್ಡ ಗಡಿಯಾರ ಇದ್ದುದರಿಂದ ಎಲ್ಲರೂ ಹಾಗೆ ಕರೆಯುತ್ತಿದ್ದರು. ಎರಡು ವರ್ಷದ ಕೋರ್ಸು. ಐದನೇ ತಿಂಗಳಲ್ಲಿ ದೀಪಾವಳಿ ರಜೆ ಮುಗಿಸಿಕೊಂಡು ಹೋದರೆ ಗೇಟಿಗೆ ಬೀಗ. ಹಬ್ಬದ ಮೂರು ದಿನದಲ್ಲಿ ಸೂಕ್ಷ್ಮದರ್ಶಕ, ಬೆಂಚು, ಫ್ಯಾನು ಎಲ್ಲವನ್ನೂ ಲಾರಿಗೆ ತುಂಬಿಸಿಕೊಂಡು ಹೋಗಿದ್ದರು. ಗಡಿಯಾರವನ್ನೂ ಬಿಟ್ಟಿರಲಿಲ್ಲ, ಅದಿದ್ದ ಜಾಗದಲ್ಲಿ ದುಂಡಗೆ ಒಂದು ತೂತು. ಸಾಲವನ್ನು ಮಾತ್ರ ನಮಗೆ ಬಿಟ್ಟು ಹೋದರು. ನಲವತ್ತಮೂರು ವಿದ್ಯಾರ್ಥಿಗಳು, ನಲವತ್ತಮೂರು ಸಾಲ. ಅಂದಿನಿಂದ ಕಲಿಯದ ವಿದ್ಯೆಗೆ ಕಂತು ಕಟ್ಟುತ್ತಿದ್ದೇವೆ.

ನಮ್ಮೂರಲ್ಲಿ ಬರೆದದ್ದು ಹೊತ್ತು ಮುಳುಗುವವರೆಗೆ ಇರುತ್ತದೆ. ಆಮೇಲೆ ಹಾಳೆ ಖಾಲಿ. ಪೆನ್ನು, ಪೆನ್ಸಿಲು, ಅಚ್ಚು, ಗೋಡೆಯ ಬಣ್ಣ ಯಾವುದಾದರೂ ಅಷ್ಟೇ. ಮಕ್ಕಳ ಪರೀಕ್ಷೆ ಬೆಳಿಗ್ಗೆ ಏಳಕ್ಕೆ ಶುರುವಾಗಿ, ನಾಲ್ಕು ಗಂಟೆಯೊಳಗೆ ಮೇಷ್ಟ್ರು ಅಂಕ ಕೂಗಿ ಮುಗಿಸಿಬಿಡುತ್ತಾರೆ. ಅಂಗಡಿ ಬೋರ್ಡು ಬರೆಯುವವನು ದಿನಾ ಬೆಳಿಗ್ಗೆ ಇಡೀ ಪೇಟೆಯನ್ನು ಹೊಸದಾಗಿ ಬರೆಯಬೇಕು. ಅವನಿಗೆ ಒಂದು ದಿನ ಜ್ವರ ಬಂದರೆ ಪರಊರಿನವರು ತಿಂಡಿ ತಿನ್ನಲು ಕ್ಷೌರದಂಗಡಿಗೆ ನುಗ್ಗುತ್ತಾರೆ. ನಾನು ಕೆಲಸ ಮಾಡುವುದು ಔಷಧಿ ಅಂಗಡಿಯಲ್ಲಿ. ಡಾಕ್ಟರ ಚೀಟಿ ಸಂಜೆಗೆ ಅಳಿಸಿ ಹೋಗುವುದರಿಂದ ಯಾರಿಗೆ ಯಾವ ಮಾತ್ರೆ ಎಂದು ನೆನಪಿಟ್ಟುಕೊಳ್ಳುವುದಕ್ಕೇ ನನಗೆ ಸಂಬಳ.

ಮೊಹರು ಬಿದ್ದ ಹಾಳೆ ಮಾತ್ರ ಹಾಗಲ್ಲ. ಅದರ ಮೇಲೆ ಮೊದಲು ಬರೆದದ್ದೂ ಉಳಿಯುತ್ತದೆ, ಆಮೇಲೆ ಬರೆದದ್ದೂ ಉಳಿಯುತ್ತದೆ. ಮೊಹರು ಇರುವುದು ಕಚೇರಿಗಳಲ್ಲಿ. ವಿದ್ಯಾಸಾಲ ಕಚೇರಿಯ ಜವಾನ ಹೊನ್ನಯ್ಯ ದಿನಾ ಬೆಳಿಗ್ಗೆ ಬಾಗಿಲು ತೆರೆದವನೇ ಸೀಮೆಸುಣ್ಣ ಹಿಡಿದು 'ಖಾಲಿ ಹಾಳೆಗೆ ಮೊಹರು ಹಾಕತಕ್ಕದ್ದಲ್ಲ' ಎಂದು ಗೋಡೆಯ ಮೇಲೆ ದಪ್ಪಗೆ ಬರೆಯುತ್ತಾನೆ. ಹಾಗಾಗಿ ನಾವು ಸಾಲ ತೆಗೆದುಕೊಂಡದ್ದಕ್ಕೆ ಕಾಗದ ಶಾಶ್ವತವಾಗಿದೆ. ಆ ಸಾಲ ಅನ್ಯಾಯದ್ದು ಎಂದು ನಾವು ಬರೆದುಕೊಟ್ಟ ಅರ್ಜಿಗಳೆಲ್ಲ ಅದೇ ಸಂಜೆ ಖಾಲಿಯಾಗಿವೆ. ಇದನ್ನು ನೆನೆದರೆ ಈಗಲೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಮೊಹರಿಲ್ಲದ ಜನ ಬದುಕಬೇಕಲ್ಲ. ಅದಕ್ಕೇ ಬೀದಿಗೊಬ್ಬರು ಬಾಯಿಪಾಠದವರು ಇರುತ್ತಾರೆ. ನಮ್ಮ ಬೀದಿಗೆ ನನ್ನ ಅವ್ವ. ಪಾಲುಪತ್ರ, ಮದುವೆ ಮಾತುಕತೆ, ದೂರದವರ ಕಾಗದ, ಏನೇ ಇದ್ದರೂ ಅವ್ವನ ಮುಂದೆ ಒಂದು ಸಲ ಓದಿಸುತ್ತಾರೆ. ಅವ್ವ ಕಣ್ಣು ಮುಚ್ಚಿ ಕೇಳುತ್ತಾಳೆ, ಅಷ್ಟೇ. ಹತ್ತು ವರ್ಷ ಬಿಟ್ಟು ಕೇಳಿದರೂ ಒಂದಕ್ಷರ ತಪ್ಪದೆ ಹೇಳುತ್ತಾಳೆ. ಆದರೆ ಅವಳು ಅರ್ಥದ ಕಡೆ ಹೋಗುವುದಿಲ್ಲ. ಅರ್ಥ ಹುಡುಕಲು ಹೋದರೆ ಮಾತು ಕೈಜಾರುತ್ತದೆ ಎಂದು ಅವಳಿಗೆ ಕಲಿಸಿದವರು ಹೇಳಿದ್ದರಂತೆ. ಸದ್ದು ಬಂದ ಹಾಗೆ ಒಳಗಿಟ್ಟುಕೊಳ್ಳುತ್ತಾಳೆ. ಓದುತ್ತಿದ್ದವರು ನಡುವೆ ಸೀನಿದ್ದರೆ ಆ ಸೀನೂ ಬರುತ್ತದೆ. ಕೆಲಸ ಮುಗಿದ ಕಾಗದವನ್ನು ಬಿಟ್ಟುಕೊಡುವುದಕ್ಕೆ ಒಂದು ಪದ್ಧತಿ ಇದೆ. ಅದನ್ನು ಕೊನೆಯ ಸಲ ಮನಸ್ಸಿನಲ್ಲಿ ಹೇಳಿಕೊಂಡು, ಒಂದು ಬಾಯಿ ನೀರು ತುಂಬಿಕೊಂಡು, ಹೊಂಗೆಮರದ ಬುಡಕ್ಕೆ ಉಗುಳುವುದು. ಉಗುಳಿದ ಮೇಲೆ ಬಡಿದು ಕೇಳಿದರೂ ಬರುವುದಿಲ್ಲ. ಹಳೆಯ ಕಾಲದಿಂದ ಇನ್ನೊಂದು ಕಟ್ಟಳೆಯೂ ಇದೆ. ನಲವತ್ತು ಜನ ಒಂದೇ ಮಾತನ್ನು ಒಂದಕ್ಷರ ವ್ಯತ್ಯಾಸವಿಲ್ಲದೆ ಒಟ್ಟಿಗೆ ಹೇಳಿದರೆ ಅದನ್ನು ಮೊಹರು ಬಿದ್ದ ಕಾಗದ ಎಂದೇ ಒಪ್ಪಬೇಕು. ಆದರೆ ನಲವತ್ತು ಜನ ಒಂದೇ ಮಾತು ಹೇಳಿದ್ದನ್ನು ನನ್ನ ಆಯಸ್ಸಿನಲ್ಲಿ ನಾನು ನೋಡಿರಲಿಲ್ಲ.

ಈ ವರ್ಷ ದೊಡ್ಡಾಸ್ಪತ್ರೆಯವರು ನರ್ಸ್ ತರಬೇತಿಗೆ ಹುಡುಗಿಯರನ್ನು ತೆಗೆದುಕೊಳ್ಳುತ್ತೇವೆ ಎಂದು ಡಂಗುರ ಹೊಡೆಸಿದರು. ಓದು ಬಿಟ್ಟಿ, ಊಟ ಬಿಟ್ಟಿ, ಮುಗಿದ ಮೇಲೆ ಅಲ್ಲೇ ಕೆಲಸ. ಷರತ್ತು ಎರಡೇ. ವಯಸ್ಸು ಇಪ್ಪತ್ತೈದು ದಾಟಿರಬಾರದು, ಹೆಸರಿನಲ್ಲಿ ವಿದ್ಯಾಸಾಲ ಇರಬಾರದು. ನನಗೆ ಬರುವ ತಿಂಗಳು ಇಪ್ಪತ್ತೈದು ಮುಗಿಯುತ್ತದೆ. ಮುಂದಿನ ವರ್ಷಕ್ಕೆ ನಾನು ಲಾಯಕ್ಕಿಲ್ಲ. ಆಯ್ಕೆಯ ಪರೀಕ್ಷೆಯಲ್ಲಿ ನಾನು ಮೂರನೆಯವಳು. ಅಲ್ಲಿಯ ಮೇಟ್ರನ್ ನನ್ನ ಬೆನ್ನು ತಟ್ಟಿ, "ಶುಕ್ರವಾರ ನಾಲ್ಕು ಗಂಟೆ ಒಳಗೆ ಸಾಲ ರದ್ದಾಗಿರೋ ಪತ್ರ ತಂದ್ಬಿಡಮ್ಮ, ಸೀಟು ನಿಂದೇ," ಎಂದಿದ್ದರು. ಅದು ಸೋಮವಾರ.

ಮಂಗಳವಾರ ಬೆಳಕು ಹರಿಯುವಾಗಲೇ ಕೂತು ರದ್ದತಿ ಅರ್ಜಿ ಬರೆದೆ. ಅದಕ್ಕೆ ಐದು ಪತ್ರ ಲಗತ್ತಿಸಬೇಕು. ಆ ಐದಕ್ಕೂ ಬೇರೆ ಬೇರೆ ಕಚೇರಿ, ಯಾವುದಕ್ಕೂ ಮೊಹರಿಲ್ಲ, ಬರೀ ಸಹಿ. ಮೊಹರೇನಿದ್ದರೂ ಕೊನೆಗೆ ಚಿದಂಬರಯ್ಯನವರ ಮೇಜಿನ ಮೇಲೆ. ಅಂದರೆ ಐದನ್ನೂ ಹೊತ್ತು ಮುಳುಗುವುದರೊಳಗೆ ಗುಡ್ಡೆ ಹಾಕಬೇಕು. ಒಂದು ತಪ್ಪಿದರೂ ನಾಳೆ ಐದೂ ಮೊದಲಿನಿಂದ. ಚಾವಡಿಗೆ ಓಡಿದೆ, ನೀರಿನ ಕಚೇರಿಗೆ ಓಡಿದೆ, ಚಪ್ಪಲಿ ಕಿತ್ತುಹೋಗಿ ಅದನ್ನು ಕೈಯಲ್ಲಿ ಹಿಡಿದು ಓಡಿದೆ. ಮೂರು ಗಂಟೆಗೆ ನಾಲ್ಕು ಪತ್ರ ಸಿಕ್ಕಿದವು. ಉಳಿದದ್ದು ಕಾಲೇಜಿನದು.

ಪ್ರಿನ್ಸಿಪಾಲರು ಈಗ ಬಸ್ ನಿಲ್ದಾಣದ ಎದುರು ಬೇಕರಿ ಇಟ್ಟಿದ್ದಾರೆ. ನನ್ನನ್ನು ಗುರುತು ಹಿಡಿದು, "ಬಾಮ್ಮ, ಖಾರಾ ಬನ್ ಬಿಸಿ ಇದೆ," ಎಂದರು. ಕಾಲೇಜು ಮುಚ್ಚಿದೆ ಎಂದು ಎರಡು ಸಾಲು ಬರೆದು ಸಹಿ ಹಾಕಿ ಎಂದು ಕೇಳಿದೆ.

"ನಾನು ಈಗ ಪ್ರಿನ್ಸಿಪಾಲ್ ಅಲ್ವಲ್ಲಮ್ಮ. ಕಾಲೇಜೇ ಇಲ್ಲ."

"ಅದನ್ನೇ ಬರ್ದು ಕೊಡಿ ಸಾರ್."

"ಬರ್ಕೊಡೋಕೆ ನಾನು ಪ್ರಿನ್ಸಿಪಾಲ್ ಆಗಿರ್ಬೇಕಲ್ಲ. ಸುಳ್ಳು ಸಹಿ ಹಾಕಿದ್ರೆ ನಾಳೆ ನನ್ ಕುತ್ತಿಗೆಗೆ ಬರುತ್ತೆ."

ಮಕ್ಕಳ ಬದುಕು ಲಾರಿ ಹತ್ತಿ ಹೋಗುವಾಗ ಬಾರದ ಭಯ ಈಗ ಎರಡು ಸಾಲಿಗೆ ಬಂದಿತ್ತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಾದ್ದರಿಂದ ಬನ್ ತಿಂದೆ. ಅದರ ದುಡ್ಡನ್ನು ಅವರು ಮರೆಯದೆ ತೆಗೆದುಕೊಂಡರು.

ಕೈಯಲ್ಲಿದ್ದ ನಾಲ್ಕನ್ನೇ ಹಿಡಿದು ಕಚೇರಿಗೆ ಹೋದೆ. ಚಿದಂಬರಯ್ಯನವರು ಅವನ್ನು ಮುಟ್ಟಲೂ ಇಲ್ಲ. ಕೆಮ್ಮಿ ಗಂಟಲು ಸರಿ ಮಾಡಿಕೊಂಡರು. ಅವರ ಕೆಮ್ಮು ಇಡೀ ಊರಿಗೆ ಗೊತ್ತು, ಎರಡು ಚಿಕ್ಕದು, ಆಮೇಲೆ ಒಂದು ಉದ್ದದ್ದು. "ರದ್ದತಿಗೆ ಅರ್ಜಿ ಹಾಕೋ ಅರ್ಹತೆ ಇರೋದು ವಿದ್ಯಾರ್ಥಿಗಳಿಗೆ. ನೀನು ಈಗ ವಿದ್ಯಾರ್ಥಿನಾ?"

"ಕಾಲೇಜು ಮುಚ್ಚಿ ಮೂರು ವರ್ಷ ಆಯ್ತಲ್ಲ ಸಾರ್."

"ಹಂಗಾದ್ರೆ ಅರ್ಹತೆ ಇಲ್ಲ."

"ಆಫೀಸ್ ಟೈಮ್ ಮುಗೀತು," ಎಂದು ಹೊನ್ನಯ್ಯ ಕಿಟಕಿ ಮುಚ್ಚಿದ. ಅವನಿಗೆ ಬರುವ ಮಾತು ಅದೊಂದೇ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಮನೆಯ ದಾರಿಯಲ್ಲಿ ಹೊತ್ತು ಮುಳುಗಿತು. ನಾಲ್ಕು ಪತ್ರಗಳೂ ನನ್ನ ಕೈಯಲ್ಲೇ ಬೆಳ್ಳಗಾದವು. ನಾನು ಅಳಲಿಲ್ಲ, ಸಿಟ್ಟು ನೆತ್ತಿಗೇರಿದಾಗ ಕಣ್ಣೀರೂ ಬರುವುದಿಲ್ಲ. ಅವ್ವ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಮುಖ ನೋಡಿ, "ನಾಳೆ ನಾನೂ ಬತ್ತೀನಿ," ಎಂದಳು.

ಬುಧವಾರ ಸಾಲಗಾರರ ಅಹವಾಲು ಕೇಳುವ ದಿನ. ಜಗುಲಿಯ ತುಂಬ ಗಡಿಯಾರದ ಕಾಲೇಜಿನವರೇ. ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ನಸೀಮಾ ತನ್ನ ಒಂದು ವರ್ಷದ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು. ಅವಳ ಗಂಡ ಆಟೋ ಕೊಳ್ಳಲು ಸಾಲ ಕೇಳಿದರೆ, ಹೆಂಡತಿಯ ಹೆಸರಿನಲ್ಲಿ ವಿದ್ಯಾಸಾಲ ಇದೆ ಎಂದು ವಾಪಸು ಕಳಿಸಿದ್ದರಂತೆ.

ನನ್ನ ಸರದಿ ಬಂತು. ಶುಕ್ರವಾರದ ಗಡುವನ್ನು ಹೇಳಿ, ಕೈ ಮುಗಿದು ಕೇಳಿಕೊಂಡೆ. ಆ ಕೈ ಮುಗಿದದ್ದಕ್ಕೆ ಇನ್ನೂ ನನಗೆ ನನ್ನ ಮೇಲೆ ಬೇಸರವಿದೆ. ಚಿದಂಬರಯ್ಯನವರು ಕಪಾಟಿನಿಂದ ನನ್ನ ಒಪ್ಪಂದದ ಕಡತ ತೆಗೆಸಿ ಬೆರಳು ಇಟ್ಟು ತೋರಿಸಿದರು. "ಹದಿನಾಲ್ಕನೇ ಕಲಮು. ಕಾಲೇಜು ನಿಂತು ಹೋದ್ರೂ ಸಾಲ ನಿಲ್ಲೋದಿಲ್ಲ. ಎಲ್ಲಾ ಕಲಮೂ ಓದಿ ಕೇಳಿಸಿದ್ಮೇಲೇ ನೀನು ಸಹಿ ಹಾಕಿದ್ದು."

ನಮ್ಮೂರಲ್ಲಿ ಅದೊಂದು ನಿಯಮ. ಮೊಹರು ಬೀಳುವ ಮೊದಲು ಒಪ್ಪಂದವನ್ನು ಗಟ್ಟಿಯಾಗಿ ಓದಬೇಕು, ಓದಿ ಕೇಳಿಸದ ಮಾತು ಒಪ್ಪಂದಕ್ಕೆ ಸೇರುವುದಿಲ್ಲ. ನನಗೆ ಹದಿನಾಲ್ಕನ್ನು ಕೇಳಿದ ನೆನಪಿರಲಿಲ್ಲ. ಹಾಗೆಂದು ಓದಲಿಲ್ಲ ಎಂದು ಎದೆ ತಟ್ಟಿ ಹೇಳುವ ಹಾಗೂ ಇರಲಿಲ್ಲ. ಆವತ್ತು ನಡುವೆ ಭಾವಚಿತ್ರಕ್ಕೆ ಗೋಂದು ಹಚ್ಚಿಕೊಂಡು ಬಾ ಎಂದು ನನ್ನನ್ನು ಜಗುಲಿಗೆ ಕಳಿಸಿದ್ದರು. ಗುಮಾಸ್ತ ಓದುತ್ತಲೇ ಇದ್ದ, ಅವನು ಆಮೇಲೆ ವರ್ಗವಾಗಿ ಹೋದ.

"ಸಾಮಿ," ಎಂದಳು ಅವ್ವ. "ಆವತ್ತು ನಾನೂ ಇಲ್ಲೇ ಕೂತಿದ್ದೆ. ಆ ಕಾಗ್ದ ನನ್ ಬಾಯಲ್ಲದೆ."

ಮೊಹರು ಬಿದ್ದ ಕಾಗದವನ್ನು ಯಾರೂ ಬಾಯಿಪಾಠ ಮಾಡಿಸುವುದಿಲ್ಲ, ಅದರ ಅಗತ್ಯವೇ ಇಲ್ಲ. ಅವ್ವ ಬರೀ ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಕೂತಿದ್ದಳು. ಯಾರೂ ಹೇಳು ಎಂದು ಕೇಳಿರಲಿಲ್ಲ, ಆದ್ದರಿಂದ ಅವಳೂ ಹೇಳಿರಲಿಲ್ಲ. ಚಿದಂಬರಯ್ಯನವರಿಗೆ ತಮಾಷೆ ಅನ್ನಿಸಿತು. "ಹೌದಾ ಅಜ್ಜಿ? ಹೇಳಿ ನೋಡಣ," ಎಂದು ಕಡತದ ಮೊದಲ ಸಾಲಿನ ಮೇಲೆ ಬೆರಳಿಟ್ಟರು. ತಪ್ಪು ಸಿಕ್ಕರೆ ಎಲ್ಲರ ಎದುರು ನಗಬೇಕೆಂದು ಕಿಟಕಿಯನ್ನೂ ತೆರೆಸಿದರು.

ಅವ್ವ ಸೆರಗು ಸರಿಪಡಿಸಿಕೊಂಡು ಕಣ್ಣು ಮುಚ್ಚಿದಳು. ಅವಳ ಬಾಯಿಂದ ಆ ಗುಮಾಸ್ತನ ಗೊಗ್ಗರು ದನಿ ಬಂತು. ಒಂದನೇ ಕಲಮು, ಸಾಲಗಾರರು ಎಂದರೆ ಯಾರು. ಎರಡನೇ ಕಲಮು, ಬಡ್ಡಿ ಎಂದರೆ ಏನು. ಚಿದಂಬರಯ್ಯನವರ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಐದನೆಯದರ ಹತ್ತಿರ ಅವರ ನಗು ಹೋಯಿತು, ಒಂಬತ್ತರ ಹತ್ತಿರ ಬೆರಳು ಅವಸರ ಮಾಡಿತು. "ಹದಿಮೂರನೇ ಕಲಮು," ಎಂದಳು ಅವ್ವ ಅದೇ ದನಿಯಲ್ಲಿ. "ಸಾಲಗಾರರು ವಿಳಾಸ ಬದಲಿಸಿದಲ್ಲಿ ಹದಿನೈದು ದಿನದೊಳಗೆ ತಿಳಿಸತಕ್ಕದ್ದು. ಏಯ್ ಹುಡುಗಿ, ಆಚೆ ಹೋಗಿ ಈ ಫೋಟೋಗೆ ಗೋಂದು ಹಚ್ಕೊಂಡು ಬಾ."

ಜಗುಲಿಯಲ್ಲಿ ಒಂದಿಬ್ಬರು ನಕ್ಕರು. ಅವ್ವ ನಿಲ್ಲಲಿಲ್ಲ.

"ಸಾರ್, ಹದಿನಾಲ್ಕು ಓದ್ಲಾ?"

ಆಮೇಲೆ ಅವ್ವ ಕೆಮ್ಮಿದಳು. ಎರಡು ಚಿಕ್ಕದು, ಒಂದು ಉದ್ದದ್ದು. ಅವಳ ದನಿ ಬದಲಾಯಿತು. "ಬಿಡಯ್ಯ. ಆ ಗಡಿಯಾರದ ಕಾಲೇಜು ದೀಪಾವಳಿ ದಾಟಲ್ಲ. ಓದಿದ್ರೆ ಇವ್ಳು ಎದ್ದು ಹೋಗ್ತಾಳೆ. ಸಹಿ ಹಾಕಿಸ್ಕೊ, ನಮ್ ಲೆಕ್ಕ ನಮಗೆ ತುಂಬ್ಬೇಕು." ಮತ್ತೆ ಗುಮಾಸ್ತನ ದನಿ, "ಮುದುಕಿ ಇಲ್ಲೇ ಕೂತವ್ಳಲ್ಲ ಸಾರ್." ಮತ್ತೆ ಆ ದನಿ, "ನಿದ್ದೆ ಹೊಡೀತಾವ್ಳೆ." ಆಮೇಲೆ, "ಹದಿನೈದನೇ ಕಲಮು, ಸಾಲಗಾರರು ಮರಣ ಹೊಂದಿದಲ್ಲಿ," ಎಂದು ಕೊನೆಯ ತನಕ ಹೇಳಿ, ಮೊಹರು ಬಿದ್ದ ಸದ್ದನ್ನೂ ನಾಲಗೆಯಿಂದ ಮಾಡಿ ಮುಗಿಸಿದಳು.

ಅವ್ವ ಕಣ್ಣು ಬಿಟ್ಟು, "ಸರಿಯಾಗದಾ ಸಾಮಿ? ಒಂದಕ್ಸರ ತಪ್ಪಿಲ್ಲ ತಾನೆ?" ಎಂದು ಕೇಳಿದಳು. ತಾನು ಏನು ಹೇಳಿದೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ನಾನು ಅವಳ ಕಿವಿಯಲ್ಲಿ ಹೇಳಿದೆ. ಅವಳು ನನ್ನನ್ನೇ ನೋಡಿದಳು. "ಮೂರು ವರ್ಸ ನನ್ ಬಾಯಲ್ಲೇ ಇತ್ತಾ ಮಗ?" ಎಂದಳು. ಮೂರು ವರ್ಷ ನಾನು ಕಂತು ಕಟ್ಟಲು ಹಗಲೂ ಸಂಜೆಯೂ ದುಡಿಯುವುದನ್ನು ನೋಡುತ್ತ, ಅವಳು ಅದೇ ಬಾಯಿಂದ ನನಗೆ ಸಮಾಧಾನ ಹೇಳಿದ್ದಳು.

"ಇದೆಲ್ಲ ಬಾಯಿಮಾತು. ಒಬ್ಬರ ಮಾತು ಸಾಕ್ಷಿ ಅಲ್ಲ," ಎಂದು ಚಿದಂಬರಯ್ಯನವರು ಕಡತ ಮುಚ್ಚಿದರು. ಆದರೆ ಅಹವಾಲನ್ನು ಅಲ್ಲಿಗೇ ನಿಲ್ಲಿಸಿ, ನಮ್ಮಿಬ್ಬರನ್ನು ಒಳಕೋಣೆಗೆ ಕರೆದರು. ಅಲ್ಲಿ ಮೊದಲ ಸಲ ಅವರು ನನ್ನ ಮುಖ ನೋಡಿದರು. ಕುರ್ಚಿ ತೋರಿಸಿದರು. ನನ್ನನ್ನು 'ನೀವು' ಎಂದರು. "ನೋಡಿ, ನಿಮ್ಮ ಕೇಸು ವಿಶೇಷ. ನಾನು ಈಗಿಂದೀಗಲೇ ರದ್ದತಿ ಪತ್ರ ಬರ್ದು ಮೊಹರು ಹಾಕ್ತೀನಿ. ಐದು ಪತ್ರನೂ ಬೇಡ. ಶುಕ್ರವಾರ ಯಾಕೆ, ಇವತ್ತೇ ಆಸ್ಪತ್ರೆಗೆ ಹೋಗಿ." ಆಮೇಲೆ ಹೊನ್ನಯ್ಯನಿಂದ ಒಂದು ಲೋಟ ನೀರು ತರಿಸಿ ಅವ್ವನ ಮುಂದೆ ಇಟ್ಟರು. "ಕಾಗದದ ಕೆಲ್ಸ ಮುಗೀತಲ್ಲ ತಾಯಿ. ಉಗ್ದುಬಿಡಿ. ಕಿಟಕಿ ಆಚೆ ಮರ ಇದೆ."

ಐದು ಪತ್ರ ಬೇಡವಂತೆ. ಮೂರು ವರ್ಷ ನನ್ನ ಕಾಲು ಸವೆಸಿದ ಐದು ಪತ್ರಗಳು, ಅವರ ಕೊರಳಿಗೆ ಬಂದ ತಕ್ಷಣ ಬೇಡವಾದವು. ಮೇಜು ಎತ್ತಿ ಹಾಕುವಷ್ಟು ಸಿಟ್ಟು ಬಂತು. ಆದರೂ ಸುಳ್ಳು ಯಾಕೆ ಹೇಳಲಿ, ನಾನು ಆಸೆಪಟ್ಟೆ. ಬಿಳಿ ಸೀರೆ ಉಟ್ಟು ವಾರ್ಡಿನಲ್ಲಿ ನಡೆಯುವ ನನ್ನನ್ನು ಕಂಡೆ. ಅವ್ವ ಲೋಟ ಎತ್ತಿಕೊಂಡು, "ನಿನ್ ಸಾಲ. ನೀನೇಳು ಮಗ," ಎಂದಳು. ಬಾಗಿಲಾಚೆ ಜಗುಲಿಯಲ್ಲಿ ನಸೀಮಾ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಳ್ಳುತ್ತಿದ್ದಳು. ತಲೆ ತಗ್ಗಿಸಿ ಕೂತುಬಿಟ್ಟೆ.

ಅವ್ವ ಒಮ್ಮೆ ಬಾಗಿಲಾಚೆ ನೋಡಿದಳು. ಆಮೇಲೆ ನೀರನ್ನು ಬಾಯಿಗೆ ಹಾಕಿಕೊಂಡಳು. ಚಿದಂಬರಯ್ಯನವರು ಕಿಟಕಿ ತೆರೆದರು. ಅವ್ವ ಅವರನ್ನೇ ನೋಡುತ್ತ, ಗುಟುಕು ಗುಟುಕಾಗಿ ಇಡೀ ಲೋಟ ನೀರು ಕುಡಿದು, ಲೋಟವನ್ನು ಬೋರಲು ಹಾಕಿ ಎದ್ದಳು. "ಬಾಯಾರಿತ್ತು ಸಾಮಿ," ಎಂದಳು. ಆ ಕ್ಷಣಕ್ಕೆ ನನಗೆ ಅವ್ವನ ಮೇಲೂ ಸಿಟ್ಟು ಬಂತು. ಬೀದಿಯ ತಿರುವು ಬರುವವರೆಗೆ ನಾನು ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದೆ.

ತಿರುವಿನಲ್ಲಿ ಹಿಂದೆ ನೋಡಿದರೆ ಜಗುಲಿಯಲ್ಲಿದ್ದವರೆಲ್ಲ ನಮ್ಮ ಹಿಂದೆ ಬರುತ್ತಿದ್ದರು. ಸಂಜೆಗೆ ಹೊಂಗೆಮರದ ಕೆಳಗೆ ನಲವತ್ತೆರಡು ಜನ ಸೇರಿದರು. ಪೇಟೆಯಲ್ಲಿ ಹೊಲಿಗೆ ಹಾಕುವವನು, ಪಂಪ್ ರಿಪೇರಿ ಮಾಡುವವನು, ಎರಡು ಮಕ್ಕಳ ತಾಯಿ, ಎಲ್ಲ ಒಂದು ಕಾಲದಲ್ಲಿ ರಕ್ತದ ಗುಂಪು ಹೆಸರಿಸುತ್ತಿದ್ದವರು. ಕೇಳಿದರೆ, ಹದಿಮೂರು ಮುಗಿಯುತ್ತಲೇ ಅವರನ್ನೂ ಗೋಂದು ಹಚ್ಚಲು ಆಚೆ ಕಳಿಸಿದ್ದರಂತೆ, ಹದಿನಾಲ್ಕನ್ನು ಒಬ್ಬರೂ ಕೇಳಿರಲಿಲ್ಲ. ಅವ್ವ ಮಗ್ಗಿ ಹೇಳಿಕೊಡುವ ಹಾಗೆ ಹೇಳಿಕೊಟ್ಟಳು. ನಸೀಮಾ ಕೆಮ್ಮಿನ ಹತ್ತಿರ ಬಂದಾಗೆಲ್ಲ ನಗುತ್ತಿದ್ದಳು. "ನಗ್ಬ್ಯಾಡ ಕಣವ್ವ, ಎರಡು ಚಿಕ್ಕುದು, ಒಂದು ಉದ್ದುಂದು, ಅದೂ ಕಾಗ್ದದಾಗೆ ಸೇರ್ದುದ್ದೇ," ಎಂದು ಅವ್ವ ಗದರಿದಳು. ದೀಪ ಹಚ್ಚುವ ಹೊತ್ತಿಗೆ ಎಲ್ಲರಿಗೂ ಬಂತು. ನನ್ನ ಸಿಟ್ಟು ಅಷ್ಟು ಹೊತ್ತಿಗೆ ಸರಿಯಾದ ಜಾಗ ಹುಡುಕಿಕೊಂಡಿತ್ತು.

ಗುರುವಾರ ಬೆಳಕಾಗುತ್ತಲೇ ನಾನು ಬರೆಯಲು ಕೂತೆ. ನನ್ನ ಅಕ್ಷರ ದುಂಡಗಿದೆ ಎಂದು ಅರ್ಜಿಗಳನ್ನೆಲ್ಲ ನನಗೇ ಒಪ್ಪಿಸಿದ್ದರು. 'ಹದಿನಾಲ್ಕನೇ ಕಲಮನ್ನು ಓದಿ ಕೇಳಿಸಿಲ್ಲವಾದ್ದರಿಂದ ಅದು ಒಪ್ಪಂದಕ್ಕೆ ಸೇರಿಲ್ಲ. ಕಾಲೇಜು ನಿಂತಿದೆ, ಸಾಲವೂ ನಿಂತಿದೆ. ಇಂಥವರ ಸಾಲ ಈ ದಿನ ರದ್ದಾಗಿದೆ.' ನಾಲ್ಕು ಸಾಲು, ನಲವತ್ತಮೂರು ಸಲ. ನನ್ನದನ್ನು ಕೊನೆಗೆ ಬರೆದೆ, ಅದು ಕಟ್ಟಿನ ಅಡಿಗೆ ಹೋಯಿತು.

ಹತ್ತಕ್ಕೆ ಕಚೇರಿಯ ಮುಂದೆ ನಿಂತು ಒಟ್ಟಿಗೆ ಹೇಳಿದೆವು. ಕೆಮ್ಮಿನ ಜಾಗದಲ್ಲಿ ಎಲ್ಲರೂ ಒಟ್ಟಿಗೆ ಕೆಮ್ಮಿದೆವು. ಪೇಟೆಯವರು ಅಂಗಡಿ ಬಿಟ್ಟು ಬಂದು ನಿಂತರು. ಎರಡನೇ ಸಲ ಹೇಳುವಾಗ ತರಕಾರಿ ಮಾರುವವಳು ಕೂಡಿಕೊಂಡಳು, ಮೂರನೇ ಸಲಕ್ಕೆ ಶಾಲೆಯ ಮಕ್ಕಳು. ಹನ್ನೊಂದೂವರೆಗೆ ಕಿಟಕಿ ತೆರೆಯಿತು. "ಸಾಕು ನಿಲ್ಸಿ," ಎಂದರು ಚಿದಂಬರಯ್ಯನವರು. "ಕಟ್ಟಳೆ ನಂಗೂ ಗೊತ್ತು. ಅರ್ಜಿ ತನ್ನಿ."

ಒಪ್ಪಿಕೊಂಡರೇ ಹೊರತು ಬಿಟ್ಟುಕೊಡಲಿಲ್ಲ. ಮೊಹರಿನ ಮಸಿ ಒಣಗಿದೆ ಎಂದರು, ಹೊನ್ನಯ್ಯನನ್ನು ಕಳಿಸಿ ತರಿಸಲು ಒಂದು ಗಂಟೆ. ಊಟಕ್ಕೆ ಎದ್ದರು, ಅದಕ್ಕೆ ಎರಡು ಗಂಟೆ. ಒಂದೊಂದು ಹೆಸರನ್ನೂ ಕಡತದೊಂದಿಗೆ ಅಕ್ಷರ ಅಕ್ಷರ ಹೋಲಿಸಿ ನೋಡಿದರು. ಐದು ಗಂಟೆಗೆ ಆಗಿದ್ದದ್ದು ಹದಿನೆಂಟು. ಹೊತ್ತು ಮುಳುಗಿದರೆ ಉಳಿದವೆಲ್ಲ ಖಾಲಿ, ಅವರ ಲೆಕ್ಕಾಚಾರ ಅದೇ ಎಂದು ಎಲ್ಲರಿಗೂ ಗೊತ್ತಾಯಿತು. ಆಗ ಅವ್ವ ಮೆಲ್ಲಗೆ ಕೆಮ್ಮಿದಳು. ಎರಡು ಚಿಕ್ಕದು. ಇಡೀ ಬೀದಿ ಉದ್ದದ್ದನ್ನು ಕೆಮ್ಮಿತು. ನಾವು ಮತ್ತೆ ಮೊದಲಿನಿಂದ ಶುರು ಮಾಡಿದೆವು, ಈ ಸಲ ಕಿಟಕಿಗೆ ಮುಖವಿಟ್ಟು. ಅವರು ಕಣ್ಣು ತಪ್ಪಿಸಿ ದಪದಪ ಒತ್ತತೊಡಗಿದರು. ಹೆಸರನ್ನೂ ನೋಡಲಿಲ್ಲ, ಹಾಳೆಯನ್ನೂ ನೋಡಲಿಲ್ಲ. ಯಾವಾಗ ಮುಗಿದೀತು ಎಂದು ಗೋಡೆಯ ಗಡಿಯಾರ ನೋಡುತ್ತ ಒತ್ತಿದರು. ಹಾಳೆ ಸರಿಯುತ್ತಿತ್ತು, ಮೊಹರು ಬೀಳುತ್ತಿತ್ತು.

ನಲವತ್ತೆರಡನೆಯದು ನಸೀಮಾಳದು. ಅದಕ್ಕೆ ಮೊಹರು ಬಿದ್ದಾಗ ಬೀದಿಯ ಕೊನೆಯಲ್ಲಿ ಸೂರ್ಯನ ಒಂದು ಎಳೆ ಉಳಿದಿತ್ತು. ಹೊನ್ನಯ್ಯ ಅದನ್ನು ಎತ್ತಿಕೊಂಡ. ಕೆಳಗೆ ನನ್ನದು. ನಾನು ನೋಡುತ್ತಿರುವಂತೆಯೇ ನನ್ನ ಹೆಸರು ತಿಳಿಯಾಯಿತು, ನಾಲ್ಕು ಸಾಲು ಮಾಸಿತು, ಹೋಯಿತು. ಬರೀ ಬಿಳಿ ಹಾಳೆ. ಎಲ್ಲರ ಅರ್ಜಿ ಬರೆದ ನನ್ನದೇ ಹೋಯಿತಲ್ಲ, ಇದೆಂಥ ನ್ಯಾಯ ಎಂದು ಕಿರುಚಬೇಕು ಅನ್ನಿಸಿತು. ಬಾಯಿ ತೆರೆಯುವುದರೊಳಗೆ ಅವರ ಕೈ, ಹಾಳೆ ನೋಡದ ಆ ಕೈ, ಮಧ್ಯಾಹ್ನದಿಂದ ಮಾಡುತ್ತಿದ್ದುದನ್ನೇ ಮಾಡಿತು. ದಪ್ ಎಂದು ಮೊಹರು ಬಿತ್ತು.

ಆಗ ಅವರು ನೋಡಿದರು. ಗೋಡೆಯ ಮೇಲೆ ಹೊನ್ನಯ್ಯನ ಸೀಮೆಸುಣ್ಣದ ಬರಹವೂ ಅಳಿಸಿಹೋಗಿತ್ತು. "ಕೊಡಮ್ಮ ಅದನ್ನ," ಎಂದು ಕಿಟಕಿಯಿಂದ ಕೈ ಚಾಚಿದರು. ನಾನು ಹಾಳೆಯನ್ನು ಎಳೆದುಕೊಂಡು ಕುಪ್ಪಸದೊಳಗೆ ಸೇರಿಸಿದ್ದೆ. "ಕೊಡು, ಅದು ಖಾಲಿ ಇದೆ, ಕೊಡು!" ಎಂದು ಕೂಗಿದರು. ಹೊನ್ನಯ್ಯ ಅವರ ಮುಖ ನೋಡಿದ, ನಮ್ಮ ಅವ್ವನ ಮುಖ ನೋಡಿದ. "ಆಫೀಸ್ ಟೈಮ್ ಮುಗೀತು ಸಾರ್," ಎಂದು ಕಿಟಕಿ ಮುಚ್ಚಿದ.

ಮೊಹರು ಬಿದ್ದ ಖಾಲಿ ಹಾಳೆ ನಮ್ಮೂರಲ್ಲಿ ಯಾರ ಮನೆಯಲ್ಲೂ ಇಲ್ಲ. ಇದರ ಮೇಲೆ ಏನು ಬರೆದರೂ ಉಳಿಯುತ್ತದೆ. ಹತ್ತು ಎಕರೆ ಜಮೀನು ನನ್ನದು ಎಂದು ಬರೆದುಕೋ ಎಂದು ಯಾರೋ ತಮಾಷೆ ಮಾಡಿದರು. ಇವತ್ತು ಶುಕ್ರವಾರ ಬೆಳಕು ಹರಿದಾಗ ಅವ್ವ ನಾಲ್ಕು ಸಾಲು ಹೇಳಿದಳು, ಅದನ್ನು ಮೇಲ್ಗಡೆ ಬರೆದೆ. ಉಳಿದ ನಲವತ್ತೆರಡರಲ್ಲಿ ಇರುವುದೇ ಅದರಲ್ಲೂ ಇದೆ, ಒಂದು ಮಾತೂ ಹೆಚ್ಚಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಕೆಳಗೆ ಅಷ್ಟೊಂದು ಜಾಗ ಉಳಿದಿತ್ತು, ಹಿಂದಿನ ಮಗ್ಗುಲು ಪೂರ್ತಿ ಖಾಲಿ. ಮೂರು ವರ್ಷ ನಾನು ಬರೆದದ್ದೆಲ್ಲ ಸಂಜೆಗೆ ಸತ್ತಿದೆ. ಇದೊಂದು ಸಾಯುವುದಿಲ್ಲ ಎಂದಾದರೆ ಸುಮ್ಮನೆ ಬಿಡಲು ನಾನೇನು ಕಲ್ಲೇ?

ಅದಕ್ಕೇ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಇದನ್ನೆಲ್ಲ ಬರೆದೆ. ಹದಿಮೂರನೇ ಕಲಮು, ಗೋಂದು, ಕೆಮ್ಮು, ಬನ್ನು, ನೀರಿನ ಲೋಟ, ಯಾವುದನ್ನೂ ಬಿಟ್ಟಿಲ್ಲ. ಈಗ ಮೂರೂವರೆ ಗಂಟೆ. ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೇನೆ, ಪಕ್ಕದಲ್ಲಿ ಅವ್ವ ಕಣ್ಣು ಮುಚ್ಚಿಕೊಂಡಿದ್ದಾಳೆ. ನನ್ನ ಹೆಸರು ಕೂಗುತ್ತಿದ್ದಾರೆ. ಮೇಟ್ರನ್ ಈ ಹಾಳೆ ತೆಗೆದುಕೊಂಡು, ಮೇಲಿನ ನಾಲ್ಕು ಸಾಲು ನೋಡಿ, ಸರಿ ಎಂದು ತಲೆ ಆಡಿಸುತ್ತಾರೆ. ಆಮೇಲೆ ಕನ್ನಡಕ ಏರಿಸಿಕೊಂಡು, ಕೆಳಗೆ ಇದೇನಮ್ಮ ಇಷ್ಟುದ್ದ ಎಂದು ಕೇಳಿಯೇ ಕೇಳುತ್ತಾರೆ. ಓದಿ ಮೇಡಂ ಎನ್ನುತ್ತೇನೆ. ನಿಧಾನವಾಗಿ ಓದಿ, ಗಟ್ಟಿಯಾಗಿ ಓದಿ. ಸಂಜೆಯಾದರೂ ಹೋಗುವುದಿಲ್ಲ.